ಉದ್ದನೆಯ ಮುದ್ದೆ

ಆಂಡರ್ಸನ್‌ಪೇಟೆ
ಬುಧವಾರ

ಮಗೂ ನವ್ಯಾ, ಚೆನ್ನಾಗಿರು.

ಒಂದೇ ಪರಮಾಣುವಿನ ನ್ಯೂಕ್ಲಿಯಸ್ಸು ಗುಂಡಗೂ ಇರುತ್ತದೆ, ಉದ್ದಗೂ ಇರುತ್ತದೆ, ಎರಡೂ ನಿಜವೇ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದನ್ನು ಶುಕ್ರವಾರದೊಳಗೆ ನಿಮ್ಮಮ್ಮನಿಗೂ ಹೇಳಬೇಕು.

ಗಣಿಯಲ್ಲಿ ಹೆಬ್ಬೆರಳು ಹೋದ ಮೇಲೆ ನಿಮ್ಮ ತಾತ ಕಟ್ಟಿದ ರಾಗಿ ಮುದ್ದೆ ಉದ್ದಕ್ಕೇ ಬರುತ್ತಿತ್ತು. “ಉದ್ದ ಆದ್ರೇನಮ್ಮೀ, ಒಟ್ಟೆಗೋದ್ರೆ ಸಾಕು” ಎಂದು ನಗುತ್ತಿದ್ದರು. ಅವರು ತೀರಿಕೊಂಡ ಮೇಲೆ, ನಾನು ಗುಂಡಗೆ ಕಟ್ಟಿ ಮುಚ್ಚಿಟ್ಟ ಮುದ್ದೆಗಳಲ್ಲಿ ದಿನಾ ಒಂದು ಉದ್ದವಾಗಿರುತ್ತದೆ. ಅದರ ಮೇಲೆ ನಾಲ್ಕೇ ಬೆರಳಿನ ಗುರುತು.

“ನಿಮ್ಗೆ ವಯಸ್ಸಾಯ್ತು ಅತ್ತೆ, ನೀವೇ ಅಂಗೆ ಕಟ್ಟಿ ಮರೀತೀರ” ಎನ್ನುತ್ತಿದ್ದಳು ನಿಮ್ಮಮ್ಮ. ನಿನ್ನೆ ಅವಳೇ ಗುಂಡಗೆ ಕಟ್ಟಿ ಮುಚ್ಚಿಟ್ಟಳು. ಮುಚ್ಚಳ ತೆಗೆದವಳು ಕಿರುಚಿಕೊಂಡಳು. ಈಗ ತಾತನನ್ನು ಮನೆಯಿಂದ ಹೊರಡಿಸಲು ಕಾಮಸಮುದ್ರದಿಂದ ಮಂತ್ರವಾದಿಯನ್ನು ಶುಕ್ರವಾರಕ್ಕೆ ಬರಹೇಳಿದ್ದಾಳೆ.

ನೀನು ಓದಿದವಳು, ನಿನ್ನ ಮಾತು ಕೇಳುತ್ತಾಳೆ. ಗುಂಡಗಿರುವುದು ಉಳಿಯಲು ಉದ್ದಗಿರುವುದನ್ನು ಓಡಿಸಬೇಕಿಲ್ಲ ಎಂದು ಹೇಳು.

ನಿನ್ನೆಯ ಆ ಉದ್ದನೆಯ ಮುದ್ದೆಯನ್ನು ಅವಳು ಎಸೆಯಲು ಹೊರಟಿದ್ದಳು. ನಾನೇ ಇಸಿದುಕೊಂಡು ಉಂಡೆ. ಮಿಕ್ಕವೆಲ್ಲ ತಣ್ಣಗಾಗಿದ್ದವು. ಅದೊಂದು ಮಾತ್ರ ಅಂಗೈಯಷ್ಟು ಬೆಚ್ಚಗಿತ್ತು.

ನಿನ್ನ ಫೋನಿಗೆ ಕಾದಿರುವ
ಅಜ್ಜಿ ಓಬಳಮ್ಮ