ಕಲೆಯಿಲ್ಲದ ಪ್ರತಿ

ಭಾನುವಾರ, ಮಾರ್ಚ್ ೯

ಪ್ರೀತಿಯ ತಂಗೀ,

ನಿನ್ನ ಮೂರು ಕಾಗದಗಳೂ ಕೈಸೇರಿವೆ. ಮೊದಲನೆಯದಕ್ಕೆ ಉತ್ತರಿಸದಿದ್ದದ್ದು ಸೋಮಾರಿತನದಿಂದ, ಎರಡನೆಯದಕ್ಕೆ ಹೆದರಿಕೆಯಿಂದ. ಮೂರನೆಯದನ್ನು ನಿನ್ನ ಅತ್ತಿಗೆ ನನ್ನ ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟು ಹೋದಳು. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಬಯ್ಯುವುದಿದ್ದರೆ ಬಯ್ದುಬಿಡು.

ನಾವಿಬ್ಬರೂ ಚೆನ್ನಾಗಿದ್ದೇವೆ, ನನ್ನ ಎಡಮಂಡಿಯೊಂದನ್ನು ಬಿಟ್ಟು. ನಿನ್ನ ಅತ್ತಿಗೆ ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದರೂ ಮೆಲ್ಲಗೆ ಮಾತಾಡಿ ಎಂದು ಎಲ್ಲರನ್ನೂ ಗದರುವುದನ್ನು ಬಿಟ್ಟಿಲ್ಲ. ನನ್ನ ಹಳೆಯ ರಸ್ತೆನಕ್ಷೆಗಳ ಹುಚ್ಚೂ ಹಾಗೇ ಇದೆ. ಮೊನ್ನೆಗೆ ನಾನೂರ ಹನ್ನೆರಡಾದವು. ಬೀರು ತುಂಬಿ, ಸೋಫಾದ ಕೆಳಗೆ ತುಂಬಿ, ಈಗ ಮಲಗುವ ಕೋಣೆಯ ನೆಲಕ್ಕೆ ಬಂದಿವೆ. ಊರೂರಿಗೆ ದಾರಿ ತೋರಿಸುವ ನಕ್ಷೆ ಇಟ್ಟುಕೊಂಡಿರುವ ಮನೆಯಲ್ಲಿ ಮಂಚದ ತನಕ ಹೋಗುವುದಕ್ಕೆ ದಾರಿಯಿಲ್ಲ ಎನ್ನುತ್ತಾಳೆ ನಿನ್ನ ಅತ್ತಿಗೆ. ಶನಿವಾರ ಸಂಜೆ ಹಲ್ಲಿನ ಡಾಕ್ಟರೂ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರೂ ತಮ್ಮ ತಮ್ಮ ನಕ್ಷೆ ಹಿಡಿದು ಬರುತ್ತಾರೆ. ಮೂವರೂ ಭೂತಗನ್ನಡಿ ಹಿಡಿದು, ಈಗ ಯಾರೂ ಓಡಾಡದ ರಸ್ತೆಗಳ ಮೇಲೆ ಜಗಳವಾಡುತ್ತೇವೆ. ಚಹಾ ಬಟ್ಟಲಿಗೆ ಮಾತ್ರ ಆ ಮೇಜಿನ ಹತ್ತಿರ ಪ್ರವೇಶವಿಲ್ಲ.

ಸರಿ, ಸುತ್ತಿ ಬಳಸಿದ್ದು ಸಾಕು. ಅಪ್ಪನ ಲಾರಿಯಲ್ಲಿದ್ದ ನಕ್ಷೆಯನ್ನು ನೀನು ಕೇಳಿದ್ದೀಯ. ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ನಿನ್ನನ್ನು ದೊಡ್ಡಮ್ಮನ ಮನೆಗೆ ಕಳಿಸಿದ ಅಪ್ಪ ವರ್ಷಕ್ಕೊಂದು ಸಲ ಬಂದು ಬಾಗಿಲಲ್ಲೇ ನಿಂತು ಹೋಗುತ್ತಿದ್ದ. ನಿನ್ನನ್ನು ಮರೆತೇಬಿಟ್ಟ ಎಂದು ಐವತ್ತು ವರ್ಷ ನಂಬಿದ್ದೆ ನೀನು. ಈಗ ದೊಡ್ಡಮ್ಮ ಕಣ್ಣು ಮುಚ್ಚುವ ಮುಂಚೆ, ಅಪ್ಪ ಆ ನಕ್ಷೆಯ ಮೇಲೆ ನಿನ್ನ ಬಗ್ಗೆ ಏನೇನೋ ಬರೆದಿಟ್ಟಿದ್ದ, ಅದನ್ನು ತಾನೇ ನೋಡಿದ್ದಾಗಿ ಹೇಳಿದಳಂತೆ. ಅದು ನಿಜವಾಗಿದ್ದರೆ ಅಪ್ಪನ ಅಕ್ಷರವನ್ನು ಒಂದು ಸಲ ಕಣ್ಣಾರೆ ನೋಡಬೇಕು ಎಂದು ಮೂರು ಕಾಗದದಲ್ಲೂ ಬರೆದಿದ್ದೀಯ.

ನಕ್ಷೆಯನ್ನು ನಾಳೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತೇನೆ. ಆದರೆ ಅದರ ಮೇಲೆ ಬರಹವಿಲ್ಲ. ಹನ್ನೊಂದು ವರ್ಷದ ಹಿಂದೆ ಸಂಗ್ರಾಹಕರ ಪ್ರದರ್ಶನಕ್ಕೆ ಅದನ್ನು ಒಯ್ದಿದ್ದೆ. ನಮ್ಮಲ್ಲಿ ಕಲೆಯಿಲ್ಲದ ಪ್ರತಿಗೇ ಮರ್ಯಾದೆ. ಒಂದು ಗೀಟು ಕಂಡರೂ ಮೂಗು ಮುರಿಯುತ್ತಾರೆ. ಹಾಗಾಗಿ ಬ್ರೆಡ್ಡಿನ ತಿರುಳಿನಿಂದ ಒರೆಸಿ, ಮೆತ್ತನೆಯ ರಬ್ಬರಿನಿಂದ ಎರಡು ದಿನ ಉಜ್ಜಿದೆ. ಮೊದಲ ಬಹುಮಾನ ಬಂತು. ಪೆನ್ಸಿಲಿನಲ್ಲಿ ಏನೋ ಗೀಚಿದ್ದಿತ್ತು, ಮೈಲಿ, ಡೀಸೆಲ್ಲು ಅಂಥದ್ದಿರಬೇಕು, ನಾನು ಓದಲಿಲ್ಲ. ಸಂಗ್ರಾಹಕನ ದಡ್ಡತನ ಎಂದುಕೊಂಡು ಕ್ಷಮಿಸಿಬಿಡು.

ಮೊಮ್ಮಗಳಿಗೆ ಹಲ್ಲು ಬಂತೇ? ಅವಳ ಕೆನ್ನೆಗೊಂದು ಮುತ್ತು. ನೀವೆಲ್ಲ ತಣ್ಣಗಿರಿ, ನೀನು ಕೈಗೆತ್ತಿಕೊಂಡ ಕೆಲಸವೆಲ್ಲ ಹಸನಾಗಲಿ.

ನಿನ್ನ
ಅಣ್ಣ

ಮರೆತದ್ದಲ್ಲ, ಮುಚ್ಚಿಟ್ಟದ್ದು: ನಿನ್ನ ಅತ್ತಿಗೆ ಎಂದಿನಂತೆ ಕೊನೆಗೆರಡು ಸಾಲು ಸೇರಿಸಲು ಕೂತವಳು ಕಾಗದ ಓದಿ ಪೆನ್ನು ಕೆಳಗಿಟ್ಟಳು. "ಹಾಲಿನ ಚೀಟೀನೂ ಭೂತಗನ್ನಡಿ ಹಿಡಿದು ಓದೋರು ನೀವು. ಅಪ್ಪನ ಅಕ್ಷರ ಓದ್ಲಿಲ್ವಾ?"

ಓದಿದ್ದೆ ತಂಗೀ. ಒಂದೊಂದಕ್ಷರ ಓದಿದ್ದೆ. ಇಪ್ಪತ್ಮೂರು ಕಡೆ ನಿನ್ನ ಹೆಸರಿತ್ತು, ಅಪ್ಪ ನಿನ್ನನ್ನು ಮುದ್ದಿಗೆ ಕರೆಯುತ್ತಿದ್ದ ಹಾಗೆ ಗುಬ್ಬಿ ಎಂದು. 'ಈ ಸೇತುವೆ ಕೆಳಗೆ ರೈಲು ಹೋಗುತ್ತೆ, ಗುಬ್ಬಿಗೆ ತೋರಿಸಬೇಕು.' 'ಕೆಂಪು ರಿಬ್ಬನ್ ತಗೊಂಡೆ, ಗುಬ್ಬಿ ಕೂದಲು ಈಗ ಎಷ್ಟುದ್ದವೋ.' 'ಇಲ್ಲಿಂದ ಗುಬ್ಬಿ ಹತ್ತಿರಕ್ಕೆ ಬರೀ ನಲವತ್ತು ಮೈಲಿ. ಸರಕು ಇಳಿಸಬೇಕು, ಹೋಗೋಕಾಗಲ್ಲ.' ನಕ್ಷೆಯ ಎರಡೂ ಬದಿಯಲ್ಲಿ ನನ್ನ ಹೆಸರನ್ನು ಹುಡುಕಿದೆ. ಒಂದು ಕಡೆಯೂ ಇರಲಿಲ್ಲ. ಐವತ್ತು ದಾಟಿದ ಗಂಡಸು, ಹೊಟ್ಟೆಕಿಚ್ಚಿನಿಂದ ರಬ್ಬರು ಎತ್ತಿಕೊಂಡೆ. ಪ್ರದರ್ಶನದ ಯೋಚನೆ ಬಂದದ್ದು ಆಮೇಲೆ.

ಇದನ್ನೆಲ್ಲ ಹೇಳಿದಾಗ ನಿನ್ನ ಅತ್ತಿಗೆ, "ರಜೆ ಬಂದ್ರೆ ಲಾರೀಲಿ ಅಪ್ಪನ ಪಕ್ಕದಲ್ಲೇ ಕೂತಿರ್ತಿದ್ದೆ ಅಂತ ನೀವೇ ಹೇಳ್ತೀರಿ. ಪಕ್ಕದಲ್ಲಿ ಕೂತಿರೋನ ಹೆಸರನ್ನ ಯಾರಾದ್ರೂ ಬರ್ಕೋತಾರಾ?" ಎಂದಳು.

ನನಗೆ ಅಪ್ಪನೇ ಸಿಕ್ಕಿದ್ದ. ನಿನಗೆ ಉಳಿದಿದ್ದದ್ದು ಆ ಇಪ್ಪತ್ಮೂರು ಸಾಲು. ಅದನ್ನೂ ನಾನು ಉಳಿಸಲಿಲ್ಲ.

ಈ ಕಾಗದವನ್ನು ಹರಿದು ಹೊಸದು ಬರೆಯೋಣ ಎನಿಸಿತ್ತು. ಬೇಡ, ಇನ್ನೇನನ್ನೂ ಅಳಿಸುವುದಿಲ್ಲ, ಮೇಲಿನ ಸುಳ್ಳೂ ಅಲ್ಲೇ ಇರಲಿ. ಆ ಸಾಲುಗಳೆಲ್ಲ ನನಗೆ ಬಾಯಿಪಾಠ. ಯಾವುದು ಯಾವ ರಸ್ತೆಯ ಪಕ್ಕದಲ್ಲಿತ್ತು ಎಂದು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಒಂದನ್ನೂ ನಾನು ಕಟ್ಟಿ ಬರೆದಿಲ್ಲ. ಆದರೆ ನೀನು ಕೇಳಿದ್ದು ಅಪ್ಪನ ಅಕ್ಷರ, ಇದು ನನ್ನದು. ಇದೇ ಕಾಗದದಲ್ಲಿ ನಿನಗೆ ಸುಳ್ಳು ಹೇಳಿದವನನ್ನು ನೀನು ಯಾಕೆ ನಂಬಬೇಕೋ ನನಗೆ ತಿಳಿಯುತ್ತಿಲ್ಲ.