ಹಲಗೆಯವನಿಲ್ಲದ ಮೆರವಣಿಗೆ

ಗಚ್ಚಿಬೌಲಿ, ಹೈದರಾಬಾದ್
೨೩ ನವೆಂಬರ್ ೨೦೦೭, ಶುಕ್ರವಾರ

ನನ್ನ ಮುದ್ದು ಶೀತಲಾ,

ಅವ್ವನ ಆಶೀರ್ವಾದ. ಹೇಗಿದ್ದೀಯವ್ವ? ನೆಗಡಿ ಹೋಯಿತೇ, ಇಲ್ಲ ಇನ್ನೂ ಮೂಗು ಒರೆಸಿಕೊಳ್ಳುತ್ತಲೇ ಘೋಷಣೆ ಕೂಗುತ್ತಿದ್ದೀಯೋ? ಹಾಸ್ಟೆಲಿನ ಅನ್ನ, ಪಪ್ಪು ತಿಂದು ನಿನ್ನ ಹೊಟ್ಟೆ ಏನಾಗಿದೆಯೋ ದೇವರೇ ಬಲ್ಲ. ಎರಡು ದಿನ ರೊಟ್ಟಿ ಕಾಣದಿದ್ದರೆ ಮುಖ ಸೊಟ್ಟ ಮಾಡುವ ಹುಡುಗಿ ನೀನು. ನಿನ್ನ ರೂಮಿನ ಕುಮುದಾ ಪುಸ್ತಕ ಒಯ್ಯಲು ಸಂಜೆ ಬರುತ್ತೇನೆಂದು ಫೋನ್ ಮಾಡಿದ್ದಳು. ಅವಳ ಕೈಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ನಿನ್ನ ಹಸಿರು ಸ್ವೆಟರು ಕಳಿಸುತ್ತಿದ್ದೇನೆ. ಸ್ವೆಟರು ಹಾಕಿಕೋ. ಹೋರಾಟ ಮಾಡುವವರಿಗೆ ಥಂಡಿ ಹತ್ತುವುದಿಲ್ಲ ಎಂದು ನಿನ್ನ ಯಾವ ಪುಸ್ತಕದಲ್ಲೂ ಬರೆದಿರಲಿಕ್ಕಿಲ್ಲ.

ಇಲ್ಲಿಂದ ನಿನ್ನ ಹಾಸ್ಟೆಲಿಗೆ ಶೇರ್ ಆಟೋ ಹತ್ತಿದರೆ ಚಹಾ ಆರುವುದರೊಳಗೆ ಮುಟ್ಟಬಹುದು. ಆದರೂ ಪರದೇಶಕ್ಕೆ ಹೋದವರಿಗೆ ಬರೆಯುವ ಹಾಗೆ ನಿನಗೆ ಪತ್ರ ಬರೆಯುತ್ತಾ ಕೂತಿದ್ದೇನೆ. ಏನು ಮಾಡಲಿ, ನೀನು ಫೋನ್ ಎತ್ತುವುದಿಲ್ಲ. ಎತ್ತಿದ್ದರೂ ಹಲೋ ಅನ್ನುವುದರೊಳಗೆ ನಾನು ಅಳುತ್ತಿದ್ದೆ, ನೀನು ಇಟ್ಟುಬಿಡುತ್ತಿದ್ದೆ. ದೀಪಾವಳಿಯ ದಿನ ನೀನು ಎದ್ದು ಹೋದ ತಾಟಿನಲ್ಲಿ ಹೋಳಿಗೆ ಹಾಗೇ ಇತ್ತು. ಕಟ್ಟಡದ ಮೇಲಿಂದ ಬಿದ್ದು ಸತ್ತ ಆ ಕೂಲಿಯವನ ಮಾತು ಬಂದಾಗ 'ಅಂವ ಕುಡದಿದ್ದನಂತವಾ, ಬಿಲ್ಡರ್ ಹೇಳ್ಯಾರ' ಎಂದು ನಿಮ್ಮಪ್ಪ ಅಂದಿದ್ದು ತಪ್ಪು. 'ಕುಡದಾವ್ರ ಇರ್ಲಿ, ಕುಡೀದಾವ್ರ ಇರ್ಲಿ, ಕೆಳಗ ಜಾಳಿ ಕಟ್ಟೂದು ಬ್ಯಾಡೇನಪ್ಪಾ?' ಎಂದು ನೀನು ಕೇಳಿದ್ದಕ್ಕೆ ಅವರು ಕೂಗಾಡಿದರು. ಉತ್ತರ ಇಲ್ಲದ ಗಂಡಸರು ದನಿ ಏರಿಸುತ್ತಾರೆ, ಅದು ನಿನಗೆ ಗೊತ್ತಾಗುವ ವಯಸ್ಸೇ. ಆ ಹೋಳಿಗೆಯನ್ನು ಮರುದಿನ ಅವರೇ ತಿಂದರು. ನಾನು ಬಿಸಿ ಮಾಡಿಕೊಡುತ್ತೇನೆಂದರೂ ಕೇಳದೆ ತಣ್ಣಗಿದ್ದದ್ದನ್ನೇ ತಿಂದರು.

ನಿಮ್ಮ ಹುಡುಗರು ಹಂಚಿದ ಕರಪತ್ರ ನಮ್ಮ ಬಾಗಿಲಿನ ಕೆಳಗೂ ಬಂತು. ಭಾನುವಾರ ಕನ್ನಡ ಸಂಘದ ಮೆರವಣಿಗೆ ಹೊರಟಾಗ ನಾಲ್ಕನೇ ಬ್ಲಾಕಿನ ಗೇಟಿನ ಹತ್ತಿರ ರಸ್ತೆಗೆ ಅಡ್ಡ ಮಲಗುತ್ತೀರಂತೆ. ಆ ಬ್ಲಾಕ್ ಕಟ್ಟುವಾಗ ಬಿದ್ದು ಸತ್ತ ಭೀಮಾಶಂಕರನಿಗೆ ನ್ಯಾಯ ಸಿಗದೆ, ಅದನ್ನು ಕಟ್ಟಿಸುವವನ ಖರ್ಚಿನಲ್ಲಿ ಹಬ್ಬ ಬೇಡ ಎಂದು ಬರೆದಿದ್ದೀರಿ. ಬರೆದವಳು ನೀನೇ ಎಂದು ಮೊದಲ ಸಾಲಿಗೇ ಗೊತ್ತಾಯಿತು. ಸಣ್ಣವಳಿದ್ದಾಗಿನಿಂದ ನಿನಗೆ ಒಂದೇ ಸಾಲಿನಲ್ಲಿ ಎಲ್ಲಾ ಹೇಳಿಬಿಡುವ ಅವಸರ. ನಿಮ್ಮಪ್ಪ ಅದನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು ವಾಕಿಂಗ್ ಹೋದರು. ಇವತ್ತಿಗೂ ಕಿಸೆಯಿಂದ ತೆಗೆದಿಲ್ಲ.

ಮೊದಲು ನಿನಗೆ ಬೈಯುತ್ತೇನೆ, ಕೇಳು. ಈ ಮೆರವಣಿಗೆ ಬಿಲ್ಡರನದಲ್ಲ. ಬಾಲಾನಗರದ ಕ್ವಾರ್ಟರ್ಸಿನಲ್ಲಿದ್ದಾಗ ನಿಮ್ಮಪ್ಪ ಮತ್ತು ಅವರ ಕಾರ್ಖಾನೆಯ ನಾಲ್ಕೈದು ಮಂದಿ ಒಂದು ತಳ್ಳುಗಾಡಿಯ ಮೇಲೆ ಭುವನೇಶ್ವರಿಯ ಫೋಟೋ ಇಟ್ಟುಕೊಂಡು ಹೊರಟಾಗ, ನಾವು ಯಾರು, ಯಾವ ದೇವರ ಹಬ್ಬ ಎಂದು ಓಣಿಯವರು ತೆಲುಗಿನಲ್ಲಿ ಕೇಳುತ್ತಿದ್ದರು. ಆ ಗಾಡಿಯ ಮೇಲೆ ಕಿತ್ತೂರು ಚೆನ್ನಮ್ಮನಾಗಿ ರಟ್ಟಿನ ಕತ್ತಿ ಹಿಡಿದು ಕೂತವಳು ನೀನು. ಬಿಸಿಲು ತಾಗೀತೆಂದು ನಿಮ್ಮಪ್ಪ ದಾರಿಯುದ್ದಕ್ಕೂ ನಿನಗೆ ಕೊಡೆ ಹಿಡಿದರು. ಚೆನ್ನಮ್ಮನಿಗೆ ಕೊಡೆ ಯಾಕ ಎಂದು ನೀನು ಸಿಟ್ಟು ಮಾಡಿದ್ದೆ. ಈ ಸಲ ಚೆನ್ನಮ್ಮ ಯಾರು ಗೊತ್ತೇ? ಎದುರು ಮನೆಯ ಉಮಾಶ್ರೀ. ನೀನೇ ಅಆಇಈ ಕಲಿಸಿದ ಕೂಸು. ನಿನ್ನದೇ ಹಳೆಯ ಇಳಕಲ್ ಸೀರೆ ಕತ್ತರಿಸಿ ಅವಳಿಗೆ ಕಚ್ಚೆ ಹೊಲಿಸಿದ್ದೇವೆ. ದಿನಾ ಬಂದು 'ಶೀತಲಕ್ಕ ನೋಡಾಕ ಬರ್ತಾಳಲ್ಲ ಅಜ್ಜಿ?' ಎಂದು ಕೇಳುತ್ತಾಳೆ. ಬರುತ್ತಾಳೆ ಎಂದು ಹೇಳಿದ್ದೇನೆ. ಯಾವ ರೀತಿ ಬರುತ್ತೀ ಎಂದು ಆ ಕೂಸಿಗೆ ಹೇಗೆ ಹೇಳಲಿ? ಗಾಡಿಯ ಮುಂದೆ ನೀವು ಮಲಗಿ, ಪೊಲೀಸರು ನಿಮ್ಮ ಕೈಕಾಲು ಹಿಡಿದು ಎಳೆದಾಡಿ, ಮಕ್ಕಳು ಚೀರಿ ಅಳಲು ಹತ್ತಿದರೆ ಭೀಮಾಶಂಕರನ ಹೆಸರು ಯಾರ ಕಿವಿಗೆ ಬೀಳುತ್ತದೆ? ಕೂಸುಗಳನ್ನು ಅಳಿಸಿದರು ಎಂದು ಮಂದಿ ನಿಮ್ಮನ್ನೇ ಬೈದು, ಮನೆಗೆ ಹೋಗಿ ಟಿವಿ ಹಚ್ಚುತ್ತಾರೆ.

ಆದರೆ ಬೈದು ಮುಗಿಸಿದ ಮೇಲೆ ನಿನ್ನ ಮಾತೂ ನೆನಪಾಗುತ್ತದೆ. 'ಅವ್ವಾ, ಬ್ಯಾರೆ ದಿನ ಹೇಳಿದ್ರ ಯಾರು ಕೇಳ್ತಾರ?' ಅಂದಿದ್ದೆಯಲ್ಲ, ಅದು ಖರೆ ಆಯಿತು. ಮಂಗಳವಾರ ಸಂಘದ ಸಭೆಯಲ್ಲಿ ಎಂದೂ ಬಾಯಿ ಬಿಡದ ನಾನು ಎದ್ದು ನಿಂತೆ. ಒಂದೋ ಮೆರವಣಿಗೆಯನ್ನು ಬೇರೆ ರಸ್ತೆಯಿಂದ ಒಯ್ಯಿರಿ, ಇಲ್ಲವಾದರೆ ನಾಲ್ಕನೇ ಬ್ಲಾಕಿನ ಗೇಟಿನ ಹತ್ತಿರದ ಕೂಲಿಯವರ ಶೆಡ್ಡುಗಳ ಮುಂದೆ ಹೋಗುವಾಗ ಬ್ಯಾಂಡು ನಿಲ್ಲಿಸಿರಿ, ಅಷ್ಟೇ ಕೇಳಿದೆ. ಕಾರ್ಯದರ್ಶಿ ಚಂದ್ರಹಾಸ, ಆ ಸಾಫ್ಟ್‌ವೇರ್ ಕಂಪನಿಯವ, ಕೊರಳಿನ ಕಂಪನಿ ಪಟ್ಟಿಯನ್ನೂ ತೆಗೆಯದೆ ಸಭೆಗೆ ಬರುವವ, ಬಹಳ ಮರ್ಯಾದೆಯಿಂದ 'ಫ್ಯಾಮಿಲಿ ಪ್ರೋಗ್ರಾಮ್ ರೀ ಅಕ್ಕಾರ, ಇದರಾಗ ಸಾವು ನೋವಿನ ಮಾತು ಯಾಕ?' ಎಂದ. ಬಿಲ್ಡರ್ ಸ್ವಾಗತ ಕಮಾನು ಹಾಕಿಸುವುದೇ ಆ ಗೇಟಿನ ಮುಂದೆ, ಬ್ಯಾಂಡು ಜೋರಾಗಿ ಬಾರಿಸಬೇಕಾದದ್ದೇ ಅಲ್ಲಿ, ವಿಡಿಯೋದವನೂ ಅಲ್ಲೇ ನಿಲ್ಲುತ್ತಾನಂತೆ. ಕಡೆಗೆ ಬಹುಮಾನ ವಿತರಣೆಯಾದ ಮೇಲೆ ಒಂದು ನಿಮಿಷ ಮೌನ ಮಾಡೋಣ ಎಂದರು. ಆಮೇಲೆ ಹೊತ್ತಾಗುತ್ತದೆ ಎಂದು ಅದನ್ನೂ ಕೈಬಿಟ್ಟರು. ನಮ್ಮ ಸಂಘದ ಗಂಗೂಬಾಯಿ ನನ್ನ ಪಕ್ಕದಲ್ಲೇ ಕೂತು, 'ಹುಡುಗ್ರು ಮಲ್ಕೊಂಡ್ರ ಪೊಲೀಸರು ಎತ್ತಿ ಒಗೀತಾರ ಬಿಡ್ರಿ' ಎಂದು ನಕ್ಕಳು. ಮಲಗುವವರಲ್ಲಿ ನನ್ನ ಮಗಳೂ ಇದ್ದಾಳೆ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಅಂದಳು. ಅಧ್ಯಕ್ಷರ ಕುರ್ಚಿಯಲ್ಲಿದ್ದ ನಿಮ್ಮಪ್ಪ ನಗಲಿಲ್ಲ. ಮುಂದಿದ್ದ ಕಾಗದದ ಮೇಲೆ ಏನೋ ಗೀಚುತ್ತಾ ಕೂತರು. ನನಗೆ ಅಲ್ಲೇ ಅಳು ಬಂತು.

ಶೀತಲಾ, ಹೋದ ವರ್ಷದ ಮೆರವಣಿಗೆಯ ಫೋಟೋ ತೆಗೆದವಳು ನೀನೇ. ನಿನ್ನೆ ಆಲ್ಬಂ ತೆಗೆದು ನೋಡಿದೆ. ಎಲ್ಲರಿಗಿಂತ ಮುಂದೆ ತಲೆಗೆ ಕೆಂಪು ಟವೆಲ್ ಸುತ್ತಿ ಹಲಗೆ ಬಾರಿಸುತ್ತಿರುವವನು ಭೀಮಾಶಂಕರ. ಆಗ ನಾವು ಅವನ ಹೆಸರು ಕೇಳಲಿಲ್ಲ, ಸುರಪುರದ ಕಡೆಯವನಂತೆ, ಚಲೋ ಬಾರಿಸುತ್ತಾನೆ ಎಂದಷ್ಟೇ ಗೊತ್ತಿತ್ತು. ಅವನ ಹಲಗೆಗೆ ನಿಮ್ಮಪ್ಪ ಕುಣಿದರಲ್ಲ, ಮಂಡಿನೋವು ಮರೆತು, ಮದುವೆಯಲ್ಲಿ ಸಹ ಕುಣಿಯದ ಮನುಷ್ಯ! ಅವತ್ತು ಎರಡನೇ ಬ್ಲಾಕಿನ ಮಲ್ಲಣ್ಣನ ತಾಯಿ ತೀರಿಕೊಂಡು ಇನ್ನೂ ದಿನ ಮುಗಿದಿರಲಿಲ್ಲ. ಗೇಟಿನ ಹತ್ತಿರ ತಲೆ ಬೋಳಿಸಿಕೊಂಡು ನಿಂತಿದ್ದ ಮಲ್ಲಣ್ಣನನ್ನು ನೋಡಿದ್ದೇ ಭೀಮಾಶಂಕರ ಹಲಗೆಯ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ. ಯಾರೂ ಹೇಳಿರಲಿಲ್ಲ. ಆ ಕಟ್ಟಡ ದಾಟುವವರೆಗೆ ನಾವೆಲ್ಲ ಸುಮ್ಮನೆ ನಡೆದೆವು. ನಮ್ಮ ಊರುಗಳಲ್ಲಿ ಮದುವೆಯ ದಿಬ್ಬಣ ಬಂದರೂ ಸಾವಾದ ಮನೆಯ ಮುಂದೆ ವಾಜಾ ಬಂದ್ ಮಾಡುತ್ತಾರಲ್ಲ, ಹಾಗೆ. 'ನೋಡ್ರಿ, ಇದು ನಮ್ಮ ಕಡೀ ಮಂದಿ ರೀತಿ' ಎಂದು ನಿಮ್ಮಪ್ಪ ಎಷ್ಟು ಹೆಮ್ಮೆಯಿಂದ ಎಲ್ಲರಿಗೂ ಹೇಳಿದರು. ನೆನಪಿದೆಯೇ, ಅದಾದ ಮೇಲೆ ಸರ್ಕಲ್ಲಿನಲ್ಲಿ ನನ್ನ ಬರಿಗಾಲಿಗೆ ಜಲ್ಲಿ ಚುಚ್ಚಿ ನಾನು ನಿಂತುಬಿಟ್ಟೆ? ಮೊದಲ ಕುಂಭ ಹೊತ್ತವಳು ನಿಂತರೆ ಅವಳನ್ನು ದಾಟಿ ಯಾರು ಹೋಗುತ್ತಾರೆ? ಮೆರವಣಿಗೆಯೇ ನಿಂತಿತು. ಏನಾಯಿತೋ ತಿಳಿಯದೆ ನಿಮ್ಮಪ್ಪ ಹಿಂದಿನಿಂದ 'ಯಾಕ ನಿಂತೀ?' ಎಂದು ಕೂಗಿದ್ದೇ ಕೂಗಿದ್ದು. ನೀನು ಕ್ಯಾಮರಾ ಹಿಡಿದುಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆ. ಈ ವರ್ಷ ಹಲಗೆಯವನಿಲ್ಲ ಎಂದು ಸಿಕಂದರಾಬಾದಿನ ಬ್ಯಾಂಡ್ ಸೆಟ್ ಗೊತ್ತುಮಾಡಿದ್ದಾರೆ.

ಬುಧವಾರ ಯಂಕಮ್ಮನನ್ನು ನೋಡಲು ಶೆಡ್ಡಿಗೆ ಹೋಗಿದ್ದೆ. ನಮಗೆ ರೊಟ್ಟಿ ಬಡಿದುಕೊಡುತ್ತಿದ್ದಳಲ್ಲ, ಆ ಯಂಕಮ್ಮ ಭೀಮಾಶಂಕರನ ಹೆಂಡತಿ ಎಂದು ನನಗೆ ತಿಳಿದದ್ದು ಅವನು ಸತ್ತ ಮೇಲೆಯೇ. ಊರಲ್ಲಿ ಮಣ್ಣು ಮಾಡಿ, ದಿನ ಮುಗಿಸಿ ವಾಪಸ್ ಬಂದಿದ್ದಾಳೆ. ಬರದಿದ್ದರೆ ಮೇಸ್ತ್ರಿ ಶೆಡ್ಡನ್ನು ಬೇರೆಯವರಿಗೆ ಕೊಡುತ್ತಾನಂತೆ. ಹಲಗೆಯನ್ನು ಸಿಮೆಂಟಿನ ಚೀಲದಲ್ಲಿ ಸುತ್ತಿ ತಗಡಿಗೆ ತೂಗುಹಾಕಿದ್ದಾಳೆ. ಮಗಳು ಗಂಗಾ ಅದರ ಕೆಳಗೆ ಕೂತು ಆಡುತ್ತಿತ್ತು. ನಾನು ಜೋಳದ ಹಿಟ್ಟಿನ ಮಾತು ತೆಗೆದೆ. ಅವಳು ಕೇಳಿಸಿಕೊಂಡು, ಆಮೇಲೆ 'ಅಕ್ಕಾರ, ನಿಮ್ಮ ಮೆರವಣಿಗಿ ಈ ಸಲಾನೂ ಇಲ್ಲಿಂದನ ಹೋಗ್ತೈತೇನ್ರಿ?' ಎಂದಳು. ಹೌದೆಂದೆ. 'ವಾಜಾ ಬಾರಸ್ಕೋತ ಹೋಗ್ತಾರೇನ್ರಿ?' ಎಂದಳು. ನಾನು ಕೂಸಿನ ಮುಖವನ್ನು ಸೆರಗಿನಿಂದ ಒರೆಸಿದೆ. ನಿಮ್ಮ ಹುಡುಗರ ವಿಷಯ ಕೇಳಿದೆ. 'ಪಾಪ, ಭಾಳ ಓಡ್ಯಾಡಾಕತ್ತಾವ್ರಿ' ಎಂದಳು, ಅಷ್ಟೇ. ಮೆರವಣಿಗೆ ತಡೆಯಿರಿ ಎಂದು ಅವಳು ನಿಮಗೆ ಹೇಳಿಲ್ಲ, ಮಾಡಿರಿ ಎಂದು ನಮಗೂ ಹೇಳಿಲ್ಲ. ಅವಳ ಬಾಗಿಲಿನ ಮುಂದೆ ಏನಾಗಬೇಕು ಎಂದು ಅವಳನ್ನು ಕೇಳಿದವರೇ ಇಲ್ಲ.

ಮನೆಗೆ ಬಂದು ನಿಮ್ಮಪ್ಪನಿಗೆ ಇದನ್ನೆಲ್ಲ ಹೇಳಿದೆ. ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿ, 'ನನಗ ಗೊತ್ತೈತಿ. ಗೊತ್ತಿದ್ದು ಏನ್ ಮಾಡ್ಲಿ?' ಎಂದರು. ಸಂಘಕ್ಕೆ ಸ್ವಂತ ಜಾಗ ಕೊಡುತ್ತೇನೆಂದು ಬಿಲ್ಡರ್ ಮಾತು ಕೊಟ್ಟಿದ್ದಾನಲ್ಲ. ಒಂದು ಕನ್ನಡ ಭವನ ನೋಡಿ ಸಾಯಬೇಕು ಎಂಬುದು ಅವರ ಆಸೆ, ನಿನಗೂ ಗೊತ್ತು. ಅವರು ಕೆಟ್ಟವರಲ್ಲವ್ವ. ಬಿಲ್ಡರನ ಮುಂದೆ ಕೈಕಟ್ಟಿ ನಿಂತದ್ದಕ್ಕೆ ಒಳಗೊಳಗೇ ಕೊರಗುತ್ತಿದ್ದಾರೆ. ನೀನಿಲ್ಲದ ಕೋಣೆಗೆ ಹೋಗಿ ನಿನ್ನ ಕುರ್ಚಿಯಲ್ಲಿ ಕೂರುತ್ತಾರೆ, ನಾನು ಬಂದರೆ ಫ್ಯಾನ್ ನೋಡಲು ಬಂದೆ ಎನ್ನುತ್ತಾರೆ. ನನ್ನ ಭಯ ಒಂದೇ. ನೀನು ರಸ್ತೆಯಲ್ಲಿ ಮಲಗಿದರೆ ನಿನ್ನ ಎದುರಿಗೆ ಬಂದು ನಿಲ್ಲಬೇಕಾದವರು ಅಧ್ಯಕ್ಷರು, ಅಂದರೆ ಅವರು. 'ಇವರನ್ನ ಎತ್ರಿ' ಎಂದು ಪೊಲೀಸರಿಗೆ ಸಂಘದವರು ಅವರ ಬಾಯಿಂದಲೇ ಹೇಳಿಸುತ್ತಾರೆ. ಆ ಮಾತು ಒಮ್ಮೆ ಹೊರಬಿದ್ದರೆ ಅವರು ಮನೆಗೆ ಬಂದು ಹೇಗೆ ಉಣ್ಣುತ್ತಾರೆ, ನೀನು ಮತ್ತೆ ಯಾವ ಮುಖದಿಂದ ಈ ಹೊಸ್ತಿಲು ತುಳಿಯುತ್ತೀ? ಭೀಮಾಶಂಕರನನ್ನಂತೂ ಯಾರೂ ತಂದುಕೊಡಲಾರರು. ಇದ್ದ ಮಗಳನ್ನೂ ಕಳೆದುಕೊಂಡು ನಾನು ಈ ಮೂರು ಕೋಣೆಗಳಲ್ಲಿ ಏನು ಮಾಡಲಿ?

ಮಧ್ಯಾಹ್ನದಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಪಟ್ಟ ಆಗಿವೆ, ಸುಧಾರಿಸಿಕೊಂಡು ಓದು. ರೊಟ್ಟಿಯನ್ನು ಕುಮುದಾಳ ಜೊತೆ ಹಂಚಿಕೊಂಡು ತಿನ್ನು, ಅವಳೂ ಅವ್ವನನ್ನು ಬಿಟ್ಟು ಬಂದ ಹುಡುಗಿ. ಮಲಗುವಾಗ ಎದೆಗೆ ವಿಕ್ಸ್ ಹಚ್ಚಿಕೋ. ನೀನು ಎಲ್ಲಿದ್ದರೂ ನನ್ನ ಕೈ ನಿನ್ನ ತಲೆಯ ಮೇಲಿದೆ, ನಿನ್ನ ಗೆಳೆಯರ ತಲೆಗಳ ಮೇಲೂ ಇರಲಿ.

ನಿನ್ನ ಅವ್ವ,
ಬಸಲಿಂಗಮ್ಮ

ತಾ.ಕ.: ಕುಮುದಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಕೆಳಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ. ಮೇಲಿನದೆಲ್ಲ ಇರಲಿ, ಇದನ್ನು ಮಾತ್ರ ಸರಿಯಾಗಿ ಓದು. ಭಾನುವಾರ ನೀವು ಯಾರೂ ರಸ್ತೆಗೆ ಇಳಿಯಬೇಡಿ. ಶೆಡ್ಡಿನ ಬಾಗಿಲಲ್ಲಿ, ಯಂಕಮ್ಮ ಒಪ್ಪಿದರೆ ಅವಳ ಪಕ್ಕದಲ್ಲಿ, ಸುಮ್ಮನೆ ನಿಂತಿರಿ. ಈ ಸಲವೂ ಮೊದಲ ಕುಂಭ ನನ್ನದೇ. ಆ ಕಮಾನಿನ ಮುಂದೆ ನಾನು ನಿಲ್ಲುತ್ತೇನೆ, ಬ್ಯಾಂಡು ಬಂದ್ ಆಗುವವರೆಗೆ ಹೆಜ್ಜೆ ಎತ್ತುವುದಿಲ್ಲ. ನಿಮ್ಮಪ್ಪನಿಗೆ ಹೇಳಿಲ್ಲ, ಹೇಳಿದರೆ ಅವರ ಮುಖ ನೋಡಿ ನನ್ನ ಧೈರ್ಯ ಕರಗಿಹೋಗುತ್ತದೆ. 'ಯಾಕ ನಿಂತೀ?' ಎಂದು ಅವರು ಹಿಂದಿನಿಂದ ಕೂಗುತ್ತಾರೆ. ನೀನು ಉತ್ತರ ಕೊಡಬೇಡ, ನಾನೇ ಕೊಡುತ್ತೇನೆ. 'ನಮ್ಮ ಹಲಗಿಯಾಂವ ಸತ್ತಾನ್ರಿ, ಅದಕ್ಕ ನಿಂತೀನಿ' ಅನ್ನುತ್ತೇನೆ. ಆಮೇಲೆ ಮನೆಗೆ ಹೇಗೆ ಹೋಗುವುದೋ ನನಗೆ ಗೊತ್ತಿಲ್ಲ. ಹಾಸ್ಟೆಲಿನ ನಿನ್ನ ಮಂಚದ ಮೇಲೆ ನನಗೂ ಒಂದಿಷ್ಟು ಜಾಗ ಮಾಡಿಟ್ಟಿರು.