ಅಣ್ಣನಿಗೆ ಕೊಟ್ಟ ಚೆಂಡು

ಮೊಕ್ಪೊ
ಗುರುವಾರ, ನವೆಂಬರ್ 14

ಪೂಜ್ಯ ಭಾವನವರಿಗೆ ಹ್ಯೆರಾನ್ ಮಾಡುವ ನಮಸ್ಕಾರಗಳು.

ನಿಮ್ಮ ಸೊಂಟದ ನೋವು ಹೇಗಿದೆ? ದ್ವೀಪದಲ್ಲಿ ಕಡಲ ಪಾಚಿಯ ಕೊಯ್ಲು ಶುರುವಾಗಿರಬೇಕು. ತಣ್ಣೀರಿನಲ್ಲಿ ನಿಂತೂ ನಿಂತೂ ಮತ್ತೆ ಹಿಡಿದುಕೊಂಡಿರುತ್ತದೆ. ಕೇಳಿದರೆ ಮಾತ್ರ 'ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ' ಎನ್ನುತ್ತೀರಿ. ಅಣ್ಣತಮ್ಮಂದಿರಿಬ್ಬರೂ ಒಂದೇ ಅಚ್ಚು. ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಸುಳ್ಳು ಬರೆಯಲು ಕೈ ಬರಲಿಲ್ಲ. ಊಟಕ್ಕೆ ಕೊರತೆಯಿಲ್ಲ, ಆದರೆ ಮನೆಯಲ್ಲಿ ಮಾತಿಲ್ಲ.

ಭಾನುವಾರ ಸೋತರೆ ನಮ್ಮ ಫುಟ್‌ಬಾಲ್ ತಂಡ ಕೆಳಗಿನ ಲೀಗಿಗೆ ಇಳಿಯುತ್ತದೆ. ನಿಮ್ಮ ತಮ್ಮನಿಗೆ ಮೂವತ್ತೇಳಾದರೂ ಮೈದಾನದ ನಡುವೆ ಇನ್ನೂ ಅವರೇ. ಹೊಸ ಕೋಚ್ ಪ್ಯೊ ಅವರು ಹಿಂದಿನ ತಿಂಗಳು ಲೆಕ್ಕ ತೆಗೆದು, 'ಅತಿ ಹೆಚ್ಚು ಪಾಸ್ ಬರೋದು ಮಾನ್‌ಸಿಕ್‌ಗೇ. ಇವನನ್ನ ಬಿಟ್ಟರೆ ತಂಡವೇ ಇಲ್ಲ' ಎಂದು ಎಲ್ಲರೆದುರು ಹೇಳಿದರು. ಅವತ್ತು ಇವರು ಮನೆಗೆ ಬಂದ ಠೀವಿ ನೀವು ನೋಡಬೇಕಿತ್ತು. ನಾನೂ ನಂಬಿ ಹಿಗ್ಗಿದೆ.

ಆಮೇಲೊಂದು ದಿನ ತಂಡದ ಹುಡುಗರೆಲ್ಲ ನಮ್ಮ ಸುಟ್ಟ ಮಾಂಸದ ಅಂಗಡಿಗೆ ಊಟಕ್ಕೆ ಬಂದಿದ್ದರು. ಇವರು ಹೊರಗೆ ಫೋನಿನಲ್ಲಿ ಮಾತಾಡುತ್ತ ನಿಂತಿದ್ದರು. ಕೆಂಡದ ಮೇಲೆ ಮಾಂಸ ಸೀಯುತ್ತಿದ್ದರೂ ಒಬ್ಬನೂ ಕೈ ಹಾಕಲಿಲ್ಲ. 'ತಿನ್ರೋ, ಇದ್ದಿಲಾಗ್ತಿದೆ' ಎಂದು ಗದರಿದೆ. ಓಡುವುದರಲ್ಲಿ ಎಲ್ಲರಿಗಿಂತ ಮುಂದಿರುವ ಆ ಗ್ಯುಹೊ, 'ಅಣ್ಣ ಬಂದು ಮುಟ್ಟಲಿ ಅತ್ತಿಗೆ, ಆಮೇಲೆ ತಿಂತೀವಿ' ಎಂದ. ದೊಡ್ಡವರಿಗಿಂತ ಮೊದಲು ಕೈ ಹಾಕಬಾರದೆಂದು ನಾವೇ ಕಲಿಸಿದ್ದಲ್ಲವೇ, ನಕ್ಕುಬಿಟ್ಟೆ. ಮುಂದಿನ ಪಂದ್ಯದಲ್ಲಿ ನನ್ನ ನಗು ಹಾರಿಹೋಯಿತು. ಗ್ಯುಹೊ ಎದುರು ಮೈದಾನ ಖಾಲಿ ಬಿದ್ದಿತ್ತು. ಅವನು ನಿಂತ, ತಿರುಗಿದ, ಇವರನ್ನು ಹುಡುಕಿ ಚೆಂಡನ್ನು ಹಿಂದಕ್ಕೆ ಕೊಟ್ಟ. ಅಷ್ಟರಲ್ಲಿ ಎದುರಾಳಿಗಳು ದಾರಿ ಮುಚ್ಚಿದ್ದರು. ಆಟದುದ್ದಕ್ಕೂ ಇದೇ ಕಥೆ.

ಮನೆಗೆ ಬಂದವರೇ 'ಹೇಗಾಡಿದೆ?' ಎಂದು ಕೇಳಿದರು. ನನ್ನ ಬಾಯಿ ನಿಮಗೆ ಗೊತ್ತೇ ಇದೆ. 'ಹುಡುಗರು ನಿಮಗೆ ಚೆಂಡು ಕೊಡ್ತಿಲ್ಲ, ಮರ್ಯಾದೆ ಕೊಡ್ತಿದಾರೆ' ಎಂದುಬಿಟ್ಟೆ. ಅನ್ನದ ಬಟ್ಟಲು ಕೆಳಗಿಟ್ಟು ಎದ್ದುಹೋದವರು ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ.

ಆದರೆ ನಿನ್ನೆ ಅಭ್ಯಾಸಕ್ಕೆ ಮೊದಲು ಹುಡುಗರನ್ನು ಸೇರಿಸಿ ಇವರೇ ಹೇಳಿದರಂತೆ: 'ಇವತ್ತು ಅಣ್ಣ ಗಿಣ್ಣ ಯಾರೂ ಇಲ್ಲ. ದಾರಿ ಇದ್ದರೆ ಮುಂದಕ್ಕೆ ಹೊಡೀರಿ. ಸುಮ್ಮಸುಮ್ಮನೆ ನನಗೆ ಕೊಟ್ಟೋನು ಮೈದಾನ ಸುತ್ತಬೇಕು.' ಊಟದ ಡಬ್ಬಿ ಕೊಡಲು ಹೋದವಳು ಬೇಲಿಯ ಹೊರಗೇ ನಿಂತು ನೋಡಿದೆ. ಮೊದಮೊದಲು ಗ್ಯುಹೊ ಸುತ್ತಿದ್ದೇ ಸುತ್ತಿದ್ದು. ಬರಬರುತ್ತ ಇವರ ಕಡೆಗೆ ಚೆಂಡು ಬರುವುದೇ ನಿಂತಿತು. ಆಟ ಎಷ್ಟು ಚುರುಕಾಯಿತು ಭಾವನವರೇ, ನೋಡಲು ಸಂಕಟವಾಯಿತು. ಎಲ್ಲರೂ ಓಡುತ್ತಿದ್ದರು, ಇವರೊಬ್ಬರೇ ನಡುವೆ ಬಸ್ಸು ತಪ್ಪಿಸಿಕೊಂಡವರ ಹಾಗೆ ನಿಂತಿದ್ದರು. ನಾನು ಹೇಳಿದ್ದು ನಿಜವಾಯಿತಲ್ಲ ಎಂದು ನನ್ನ ಬಾಯಿಗೇ ಹೊಡೆದುಕೊಳ್ಳಬೇಕೆನಿಸಿತು.

ಕೊನೆಯ ಹೊತ್ತಿಗೆ ಹುಡುಗರ ಕಾಲು ಸೋತು ಆಟ ಚೆಲ್ಲಾಪಿಲ್ಲಿಯಾಯಿತು. ಏನು ಮಾಡಬೇಕೆಂದು ತೋಚದೆ ಒಬ್ಬ ಇವರಿಗೆ ಕೊಟ್ಟ. ಇವರು ಚೆಂಡಿನ ಮೇಲೆ ಪಾದವಿಟ್ಟು, ತಲೆಯೆತ್ತಿ ಒಮ್ಮೆ ನೋಡಿ, ನಾಲ್ವರ ನಡುವಿಂದ ತಳ್ಳಿದರು. ಗ್ಯುಹೊ ಗೋಲು ಹೊಡೆದ. ಇವರಲ್ಲಿ ಅಷ್ಟು ಆಟ ಇನ್ನೂ ಉಳಿದಿದೆ. ಅಷ್ಟೇ ಉಳಿದಿದೆ. ಕೋಚ್ ಕೂಡ ಅದನ್ನು ಕಂಡರು. 'ಭಾನುವಾರ ಮೊದಲಿಂದ ಆಡ್ತೀಯೋ, ಕೊನೇಲಿ ಮೈದಾನಕ್ಕೆ ಇಳೀತೀಯೋ? ನೀನೇ ಹೇಳು' ಎಂದು ಇವರಿಗೇ ಬಿಟ್ಟರು.

ಸೊಂಟಕ್ಕೆ ಬಿಸಿ ಶಾಖ ಕೊಟ್ಟುಕೊಳ್ಳಿ. ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿಮ್ಮ ತಮ್ಮನ ಹೆಂಡತಿ,
ಹ್ಯೆರಾನ್

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ಇವರು ಕೋಚ್‌ಗೆ 'ನಮ್ಮಣ್ಣನ್ನ ಕೇಳಿ ಹೇಳ್ತೀನಿ' ಎಂದಿದ್ದಾರೆ. ಈ ಕಾಗದ ನಾಳೆಯ ದೋಣಿಯಲ್ಲಿ ನಿಮ್ಮ ಕೈ ಸೇರುತ್ತದೆ, ಶನಿವಾರ ಇವರು ನಿಮಗೆ ಫೋನ್ ಮಾಡುತ್ತಾರೆ. ಮೊದಲ ಸೀಟಿಯಿಂದಲೇ ತಮ್ಮನನ್ನು ನೋಡಲು ನೀವು ಊರವರನ್ನೆಲ್ಲ ಟಿವಿ ಮುಂದೆ ಕೂರಿಸಿಕೊಂಡಿರುತ್ತೀರಿ ಎಂದು ಗೊತ್ತು. ಆದರೂ 'ಕೊನೇಲಿ ಇಳಿ' ಅನ್ನಿ. ಇವರಿಗೆ ಅದನ್ನು ಹೇಳಬಲ್ಲವರು ನೀವೊಬ್ಬರೇ. ನಿಮಗೆ ಹೇಳಬಲ್ಲವರು ಯಾರೂ ಇಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.